‘ನನ್ನ ಮೆಟಬಾಲಿಸಂ ಸ್ಲೋ ಆಗಿದೆಯಾ ಡಾಕ್ಟ್ರೇ?’

ಪ್ರಶ್ನೆ: ನಾನು ಕುಮಟಾ ಹತ್ತಿರದ ಹಳ್ಳಿಯವಳು. ವಯಸ್ಸು 38, ಎತ್ತರ 155 ಸೆಂ.ಮೀ., ತೂಕ 62 ಕೆ.ಜಿ. ಎರಡು ವರ್ಷದಲ್ಲಿ 6 ಕೆ.ಜಿ. ಏರಿದೆ, ಏರಿದ್ದೆಲ್ಲ ಹೊಟ್ಟೆಗೇ. ಸದಾ ಸುಸ್ತು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಜಿಮ್‌ನಲ್ಲಿ ಒಂದು ಮಷಿನ್ ಮೇಲೆ ನಿಲ್ಲಿಸಿ ‘ನಿಮ್ಮ ಮೆಟಬಾಲಿಕ್ ವಯಸ್ಸು 53’ ಅಂದರು, ಗಾರ್ಸೀನಿಯಾ ಅಂತ ಕ್ಯಾಪ್ಸೂಲ್ ಕೊಟ್ಟರು, ಒಂದು ತಿಂಗಳಿಂದ ತಗೊಳ್ತಿದ್ದೇನೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವವರಲ್ಲಿ 72 ಟೆಸ್ಟ್‌ಗಳ ಪ್ಯಾಕೇಜ್ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 108, ಎಚ್‌ಬಿಎ1ಸಿ 6.2, ಟ್ರೈಗ್ಲಿಸರೈಡ್ 188, ಎಚ್‌ಡಿಎಲ್ 41, ಹಿಮೋಗ್ಲೋಬಿನ್ 9.8, ಟಿಎಸ್‌ಎಚ್ 5.6, ಎಸ್‌ಜಿಪಿಟಿ 52. ಥೈರಾಯ್ಡ್‌ನಿಂದ ಹೀಗಾಗಿದೆಯಾ? ನಮ್ಮ ಯಜಮಾನರು ನನ್ನ ಎರಡರಷ್ಟು ಉಣ್ಣುತ್ತಾರೆ, ಅವರಿಗೆ ಏನೂ ಆಗೋದಿಲ್ಲ. ಮೆಟಬಾಲಿಸಂ ಟೆಸ್ಟ್ ಎಲ್ಲಿ ಮಾಡುತ್ತಾರೆ? ಮಣಿಪಾಲಕ್ಕೆ ಹೋಗಬೇಕಾ?

ಉತ್ತರ:

ತಂಗೀ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಣಿಪಾಲಕ್ಕೆ ಹೋಗುವುದು ಬೇಡ. ಹುಬ್ಬಳ್ಳಿಗೂ ಬೇಡ, ಗೋವಾಕ್ಕೂ ಬೇಡ. ನಮ್ಮ ಜಿಲ್ಲೆಯ ಜನಕ್ಕೆ ಏನಾದರೂ ಆಯ್ತು ಅಂದರೆ ಗಾಡಿ ಮಾಡಿಕೊಂಡು ಘಟ್ಟ ಹತ್ತುವುದು, ಇಲ್ಲಾ ಹೆದ್ದಾರಿ ಹಿಡಿದು ತೆಂಕಕ್ಕೋ ಬಡಗಕ್ಕೋ ಓಡುವುದು ಅಭ್ಯಾಸ ಆಗಿಹೋಗಿದೆ, ಅದಕ್ಕೆ ಕಾರಣವೂ ಇದೆ. ಆದರೆ ಈ ವಿಷಯಕ್ಕೆ ಬೇಕಾದ್ದೆಲ್ಲ ಕುಮಟಾದಲ್ಲೇ ಆಗುತ್ತದೆ. ಅರ್ಧ ಕೆಲಸ ನಿಮ್ಮ ಮನೆಯ ಹೊಲಿಗೆ ಟೇಪಿನಲ್ಲೇ ಮುಗಿಯುತ್ತದೆ.

ಎರಡನೇ ಮಾತು, ಆ ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ.

ಗಾರ್ಸೀನಿಯಾ ಅಂದರೆ ಏನು ಗೊತ್ತಾ? ನಮ್ಮ ಉಪ್ಪಾಗೆ. ಶಿರಸಿ, ಸಿದ್ದಾಪುರ ಕಡೆ ಮಳೆಗಾಲದಲ್ಲಿ ಕಾಡಿನಿಂದ ಹೆಕ್ಕಿ ತಂದು, ಸಿಪ್ಪೆ ಬಿಡಿಸಿ, ಒಲೆಯ ಮೇಲೆ ಹೊಗೆಗಿಟ್ಟು ಕಪ್ಪಗೆ ಒಣಗಿಸುತ್ತಾರಲ್ಲ, ಅದೇ ಹಣ್ಣು. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಹುಳಿಗೆ ಒಂದು ಚೂರು ಹಾಕಿದರೆ ಏನೂ ತೊಂದರೆ ಇಲ್ಲ. ಆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ಒಂದಿದೆ, ಪ್ರಯೋಗಶಾಲೆಯಲ್ಲಿ ಅದು ಕೊಬ್ಬು ತಯಾರಾಗುವ ಒಂದು ಹಂತವನ್ನು ತಡೆಯುತ್ತದೆ. ಅಷ್ಟನ್ನೇ ಹಿಡಿದುಕೊಂಡು ತೂಕ ಇಳಿಸುವ ಮಾತ್ರೆ ಅಂತ ಜಗತ್ತಿನ ತುಂಬ ಮಾರಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪ್ರಯೋಗ ಮಾಡಿ ನೋಡಿದಾಗ, ಈ ಕ್ಯಾಪ್ಸೂಲ್ ತಗೊಂಡವರಿಗೂ ಖಾಲಿ ಕ್ಯಾಪ್ಸೂಲ್ ತಗೊಂಡವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅದು ಹೋಗಲಿ ಅಂದರೆ, ಈ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ನಿಮ್ಮಲ್ಲಿ 52 ಇದೆ. ಅದು ಕೊಬ್ಬಿನಿಂದ ಏರಿದ್ದೋ ಕ್ಯಾಪ್ಸೂಲ್‌ನಿಂದ ಏರಿದ್ದೋ ಈಗ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ನಿಲ್ಲಿಸಿ ಆರು ವಾರ ಬಿಟ್ಟು ಮತ್ತೆ ನೋಡಿದರೆ ಗೊತ್ತಾಗುತ್ತದೆ. ಅಷ್ಟರೊಳಗೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅವತ್ತೇ ತೋರಿಸಿ.

ಈಗ ಮೆಟಬಾಲಿಸಂ ವಿಷಯಕ್ಕೆ ಬರೋಣ.

ಶಾಲೆಯಲ್ಲಿ ಚಯಾಪಚಯ ಅಂತ ಓದಿದ್ದು ಇದನ್ನೇ. ಚಯ ಅಂದರೆ ಕೂಡಿಡುವುದು, ಅಪಚಯ ಅಂದರೆ ಒಡೆಯುವುದು. ಉಂಡ ಅನ್ನ, ಮೀನು, ಎಣ್ಣೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುವುದು, ಉಳಿದದ್ದನ್ನು ಕೂಡಿಡುವುದು, ಹಳೆಯದನ್ನು ಬಿಚ್ಚಿ ಹೊಸದು ಕಟ್ಟುವುದು, ಹೀಗೆ ಮೈಯೊಳಗೆ ನಡೆಯುವ ಸಾವಿರಾರು ಕೆಲಸಗಳಿಗೆ ಒಟ್ಟಾಗಿ ಇಟ್ಟ ಹೆಸರು. ಹಾಗಾಗಿ ‘ಮೆಟಬಾಲಿಸಂ ಟೆಸ್ಟ್’ ಅಂತ ಒಂದೇ ಒಂದು ಟೆಸ್ಟ್ ಇರಲು ಸಾಧ್ಯವಿಲ್ಲ. ಜನ ಈ ಶಬ್ದ ಹೇಳುವಾಗ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ವೇಗ. ದೋಣಿಯ ಎಂಜಿನ್ ಎಷ್ಟು ಡೀಸೆಲ್ ಕುಡಿಯುತ್ತದೆ ಅನ್ನುತ್ತೇವಲ್ಲ, ಹಾಗೆ.

ಆ ವೇಗವನ್ನು ಅಳೆಯಬಹುದು. ಸುಮ್ನೆ ಮಲಗಿಸಿ, ಮುಖಕ್ಕೆ ಮುಚ್ಚಳ ಹಾಕಿ, ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು ಅಂತ ಲೆಕ್ಕ ಹಾಕುತ್ತಾರೆ. ಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲಿ ಅಳೆಯಲು ಬರುವ ಮೊದಲು ಥೈರಾಯ್ಡ್ ಕಾಯಿಲೆ ಪತ್ತೆಗೆ ಇದನ್ನೇ ಮಾಡುತ್ತಿದ್ದರು. ಈಗ ಐಸಿಯು ರೋಗಿಗಳಿಗೆ ಎಷ್ಟು ಆಹಾರ ಕೊಡಬೇಕು ಅಂತ ನೋಡಲಿಕ್ಕೆ, ಸಂಶೋಧನೆಗೆ ಬಳಸುತ್ತಾರೆ. ನಿಮಗೆ ಅದರ ಅಗತ್ಯವಿಲ್ಲ. ಜಿಮ್‌ನ ಮಷಿನ್ ಈ ಕೆಲಸ ಮಾಡುವುದೇ ಇಲ್ಲ. ಅದು ಪಾದದಿಂದ ಸಣ್ಣ ವಿದ್ಯುತ್ ಹಾಯಿಸಿ ಮೈಯಲ್ಲಿ ನೀರು ಎಷ್ಟಿದೆ ಅಂತ ಅಂದಾಜು ಮಾಡಿ, ಅದರಿಂದ ಕೊಬ್ಬಿನ ಅಂದಾಜು, ಅದರಿಂದ ‘ವಯಸ್ಸಿನ’ ಅಂದಾಜು ಮಾಡುತ್ತದೆ. ಅಂದಾಜಿನ ಮೇಲೆ ಅಂದಾಜು. ಬೆವರು ಸುರಿಸಿದ ಮೇಲೆ ನಿಂತರೆ ಒಂದು ನಂಬರು, ನೀರು ಕುಡಿದು ನಿಂತರೆ ಇನ್ನೊಂದು. ಆ 53 ಅನ್ನುವುದನ್ನು ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ವಯಸ್ಸು 38.

ಯಜಮಾನರ ಊಟದ ಮಾತು ಬರೆದಿದ್ದೀರಿ. ನಮಗೆ ದಿನಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 60ರಿಂದ 70 ಭಾಗ ಸುಮ್ನೆ ಮಲಗಿದ್ದರೂ ಖರ್ಚಾಗುತ್ತದೆ. ಮಿದುಳು, ಲಿವರ್, ಹೃದಯ, ಮೂತ್ರಪಿಂಡ ಇವುಗಳೇ ದೊಡ್ಡ ಖರ್ಚಿನವು. ಮಿದುಳು ಮೈತೂಕದ 2 ಭಾಗ ಮಾತ್ರ, ಆದರೆ ವಿಶ್ರಾಂತಿಯಲ್ಲಿ 20 ಭಾಗದಷ್ಟು ಶಕ್ತಿ ಅದಕ್ಕೇ ಬೇಕು. ನಿಮ್ಮ ಎತ್ತರ, ತೂಕ, ವಯಸ್ಸು ಹಾಕಿ ಸೂತ್ರದಲ್ಲಿ ಲೆಕ್ಕ ಮಾಡಿದರೆ ವಿಶ್ರಾಂತಿಯ ಖರ್ಚು ಸುಮಾರು 1,240 ಕ್ಯಾಲೊರಿ ಬರುತ್ತದೆ. 172 ಸೆಂ.ಮೀ. ಎತ್ತರದ, 82 ಕೆ.ಜಿ. ತೂಕದ, 43 ವರ್ಷದ ಗಂಡಸಿಗೆ ಅದೇ ಸೂತ್ರದಲ್ಲಿ ಸುಮಾರು 1,685. ದೊಡ್ಡ ಮೈ, ಜಾಸ್ತಿ ಸ್ನಾಯು, ಜಾಸ್ತಿ ಖರ್ಚು. ಅಷ್ಟೇ. ನಿಮ್ಮದು ನಿಧಾನ ಆಗಿದೆ ಅಂತ ಇದರಿಂದ ಅರ್ಥ ಅಲ್ಲ.

ವಯಸ್ಸಾದ ಹಾಗೆ ನಿಧಾನ ಆಗುತ್ತದೆ ಅಂತಾರಲ್ಲ, ಅದೂ ನಾವು ಅಂದುಕೊಂಡ ಹಾಗಿಲ್ಲ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಮಾಡಿ ನೋಡಿದರು, 8 ದಿನದ ಕೂಸಿನಿಂದ 95 ವರ್ಷದವರ ತನಕ. ಮೈಗಾತ್ರದ ವ್ಯತ್ಯಾಸ ಸರಿದೂಗಿಸಿ ನೋಡಿದರೆ 20ರಿಂದ 60ರ ತನಕ ಖರ್ಚು ಹೆಚ್ಚುಕಡಿಮೆ ಒಂದೇ ಸಮ. ಇಳಿಯಲು ಶುರುವಾಗುವುದು 60ರ ನಂತರ, ಅದೂ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗಾದರೆ 38ಕ್ಕೆ ಹೊಟ್ಟೆ ಬಂದದ್ದು ಯಾಕೆ? ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಎಂಜಿನ್ ಎಷ್ಟು ಜೋರು ಓಡುತ್ತಿದೆ ಅನ್ನುವುದು ಬಿಡಿ. ಉಳಿದ ಡೀಸೆಲ್ ಎಲ್ಲಿ ಹೋಗಿ ಕೂತಿದೆ ಅಂತ ಕೇಳಿ.

ಒಂದು ಮನೆ ಅಂದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ಭತ್ತದ ಚೀಲ ಅಟ್ಟಕ್ಕೆ ಏರುತ್ತವೆ. ಅಟ್ಟ ದೊಡ್ಡದಿದ್ದರೆ ಯಾರಿಗೂ ತೊಂದರೆ ಇಲ್ಲ. ಅಟ್ಟ ತುಂಬಿದರೆ? ಜಗುಲಿಯಲ್ಲಿ ಇಡುತ್ತಾರೆ. ಜಗುಲಿ ತುಂಬಿದರೆ ಅಡುಗೆಮನೆಯಲ್ಲಿ, ದೇವರ ಕೋಣೆಯಲ್ಲಿ. ಆಮೇಲೆ ಒಳಗೆ ಓಡಾಡಲಿಕ್ಕೇ ಜಾಗ ಇಲ್ಲ. ಚರ್ಮದ ಅಡಿಯ ಕೊಬ್ಬು ಆ ಅಟ್ಟ ಇದ್ದ ಹಾಗೆ. ಅಲ್ಲಿ ಜಾಗ ಸಾಲದೇ ಇದ್ದಾಗ ಕೊಬ್ಬು ಲಿವರ್, ಸ್ನಾಯು, ಮೇದೋಜೀರಕ ಗ್ರಂಥಿ, ಕರುಳಿನ ಸುತ್ತ ಹೋಗಿ ಸೇರುತ್ತದೆ. ಅಲ್ಲಿ ಸೇರಿದರೆ, ರಕ್ತದ ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್‌ನ ಮಾತು ನಡೆಯುವುದಿಲ್ಲ. ಇನ್ಸುಲಿನ್ ‘ಸಕ್ಕರೆ ಒಳಗೆ ತಗೋ’ ಅಂದರೆ ಸ್ನಾಯು ಕೇಳುವುದಿಲ್ಲ, ‘ಸಾಕು, ಸಕ್ಕರೆ ಮಾಡಬೇಡ’ ಅಂದರೆ ಲಿವರ್ ಕೇಳುವುದಿಲ್ಲ. ರಾತ್ರಿಯಿಡೀ ಏನೂ ತಿನ್ನದೇ ಮಲಗಿ ಎದ್ದರೂ ಬೆಳಿಗ್ಗೆ 108 ಬರುವುದು ಇದರಿಂದ. ಆ ಸಕ್ಕರೆ ನಿನ್ನೆಯ ಊಟದ್ದಲ್ಲ, ರಾತ್ರಿ ಲಿವರ್ ಬಿಟ್ಟದ್ದು.

ನಮ್ಮವರ ಅಟ್ಟ ಹುಟ್ಟಿನಿಂದಲೇ ಸಣ್ಣದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೊ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ನೋಡಲಿಕ್ಕೆ ಇಬ್ಬರೂ ಸಪೂರ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಭಾಗ, ಯಾಜ್ಞಿಕ್ ಮೈಯಲ್ಲಿ 21.2 ಭಾಗ. ನಾನು ಈ ಫೋಟೊವನ್ನು ರೋಗಿಗಳಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ‘ನಾನು ದಪ್ಪ ಇಲ್ಲ, ನನಗೆ ಶುಗರ್ ಹೇಗೆ ಬರುತ್ತದೆ’ ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ. ಅದಕ್ಕೇ ನಮಗೆ ಗಡಿಗಳೂ ಬೇರೆ. ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ನಿಮ್ಮದು 25.8.

ಟೇಪು ತನ್ನಿ ಈಗ. ಬರಿಗಾಲಲ್ಲಿ ನೇರ ನಿಲ್ಲಿ. ಸೀರೆಯ ಮೇಲಿಂದ ಬೇಡ, ಬರೀ ಮೈ ಮೇಲೆ. ಪಕ್ಕದಲ್ಲಿ ಕೈಯಿಟ್ಟು ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ನೋಡಿ, ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚು ಎಲ್ಲಿ ಶುರುವಾಗುತ್ತದೆ ನೋಡಿ, ಎರಡರ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟು, ಬಿಟ್ಟ ಕೊನೆಗೆ ಓದಿ. ಹೆಂಗಸರಿಗೆ ಗಡಿ 80 ಸೆಂ.ಮೀ., ಗಂಡಸರಿಗೆ 90. ಹಾಗೇ ಕನ್ನಡಿಯಲ್ಲಿ ಕತ್ತಿನ ಹಿಂಭಾಗ ನೋಡಿಕೊಳ್ಳಿ. ಅಲ್ಲಿ, ಕಂಕುಳಲ್ಲಿ, ಚರ್ಮ ದಪ್ಪವಾಗಿ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಉಜ್ಜಿ ತೊಳೆಯಬೇಡಿ, ಅದು ಕೊಳೆಯಲ್ಲ. ಇನ್ಸುಲಿನ್ ಮಾತು ನಡೆಯುತ್ತಿಲ್ಲ ಅನ್ನುವುದಕ್ಕೆ ಮೈಯೇ ಹಾಕಿದ ಗುರುತು ಅದು. ಎಷ್ಟೋ ಹುಡುಗಿಯರು ಅದಕ್ಕೆ ಕ್ರೀಮು ಹಚ್ಚಿಕೊಂಡು ವರ್ಷ ಕಳೆಯುತ್ತಾರೆ, ನೋಡಿದಾಗ ಸಂಕಟ ಆಗುತ್ತದೆ.

ಹೀಗೆ ಕೊಬ್ಬು, ಸಕ್ಕರೆ, ರಕ್ತದೊತ್ತಡ ಒಟ್ಟೊಟ್ಟಿಗೆ ಕೆಡುವುದನ್ನು ಮೆಟಬಾಲಿಕ್ ಸಿಂಡ್ರೋಮ್ ಅಂತಾರೆ. ಅದು ಇದೆ ಅಂತ ಹೇಳಲಿಕ್ಕೆ ಐದು ಲಕ್ಷಣ ನೋಡುತ್ತೇವೆ, ಮೂರು ಇದ್ದರೆ ಸಾಕು. ಸೊಂಟದ ಸುತ್ತಳತೆ ಗಡಿ ದಾಟಿರುವುದು, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150 ಅಥವಾ ಅದಕ್ಕಿಂತ ಜಾಸ್ತಿ, ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟ್ರಾಲ್ ಹೆಂಗಸರಲ್ಲಿ 50ಕ್ಕಿಂತ ಕಡಿಮೆ (ಗಂಡಸರಲ್ಲಿ 40), ರಕ್ತದೊತ್ತಡ 130/85 ಅಥವಾ ಮೇಲೆ, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಮೇಲೆ. ಟೇಪು ಹಿಡಿಯುವ ಮೊದಲೇ ನಿಮ್ಮಲ್ಲಿ ಮೂರು ಆಗಿಬಿಟ್ಟಿದೆ: 188, 41, 108. ರಕ್ತದೊತ್ತಡ ಎಷ್ಟು ಅಂತ ನೀವು ಬರೆದೇ ಇಲ್ಲ. 72 ಟೆಸ್ಟ್ ಮಾಡಿದವರು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿಲ್ಲ, ಟೇಪು ಹಿಡಿದಿಲ್ಲ. ನನಗೆ ಈ ಪ್ಯಾಕೇಜ್‌ಗಳ ಮೇಲೆ ಇರುವ ಬೇಸರ ಇದೇ. ಬೇಡದ್ದು ಐವತ್ತು ಇರುತ್ತದೆ, ಬೇಕಾದ ಎರಡು ಇರುವುದಿಲ್ಲ.

ಇದನ್ನು ಓದಿ ಹೆದರಬೇಡಿ. ಈ ಹಂತದಲ್ಲಿ ಸಿಕ್ಕಿದ್ದು ಒಳ್ಳೆಯದೇ ಆಯಿತು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ನೀವು ಹೊಸ್ತಿಲಲ್ಲಿ ಇದ್ದೀರಿ ಅಂತ ಕಾಣುತ್ತದೆ. ಕಾಣುತ್ತದೆ ಅಂತ ಯಾಕೆ ಅಂದೆ ಅಂದರೆ, ನಿಮ್ಮ ಎರಡು ಶುಗರ್ ನಂಬರುಗಳನ್ನೂ ನಾನು ಪೂರ್ತಿ ನಂಬುವುದಿಲ್ಲ.

ಮೊದಲು 108 ನೋಡಿ. ರಕ್ತ ತೆಗೆದ ಮೇಲೂ ಟ್ಯೂಬಿನೊಳಗೆ ರಕ್ತಕಣಗಳು ಜೀವಂತ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಇಳಿಯುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲಿ ಇದನ್ನು ತಡೆಯಲು ಫ್ಲೋರೈಡ್ ಹಾಕಿರುತ್ತಾರೆ, ಆದರೆ ಅದು ಸಹ ಪೂರ್ತಿ ಹಿಡಿತಕ್ಕೆ ತರಲು ಒಂದು ಗಂಟೆಗಿಂತ ಜಾಸ್ತಿ ಹೊತ್ತು ಬೇಕು. ಬೆಳಿಗ್ಗೆ ಆರೂವರೆಗೆ ಹಳ್ಳಿಯಲ್ಲಿ ರಕ್ತ ತೆಗೆದು, ಬೈಕಿನ ಚೀಲದಲ್ಲಿ ಇಟ್ಟು, ಇನ್ನೂ ಹತ್ತು ಮನೆ ಸುತ್ತಿ, ಬಿಸಿಲೇರಿದ ಮೇಲೆ ಲ್ಯಾಬ್ ಮುಟ್ಟಿದರೆ ನಂಬರು ನಿಜಕ್ಕಿಂತ ಕಡಿಮೆ ಬರುತ್ತದೆ. ಮುಂದಿನ ಸಲ ಲ್ಯಾಬಿಗೇ ಹೋಗಿ ಕೊಡಿ, ಯಾವ ಬಣ್ಣದ ಮುಚ್ಚಳಕ್ಕೆ ಹಾಕುತ್ತಾರೆ ಅಂತ ಕಣ್ಣಿಟ್ಟು ನೋಡಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು 6.2. ಎಚ್‌ಬಿಎ1ಸಿ ಅಂದರೆ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ಸಿಗುತ್ತದೆ. ಆದರೆ ನಿಮ್ಮ ಹಿಮೋಗ್ಲೋಬಿನ್ 9.8, ಹೆಂಗಸರಿಗೆ 12 ಇರಬೇಕು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಆದಾಗ ಈ ನಂಬರು ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಒಂದು ಕೆಳಕ್ಕೆ ಎಳೆಯುತ್ತಿದೆ, ಇನ್ನೊಂದು ಮೇಲಕ್ಕೆ ಎಳೆಯುತ್ತಿದೆ. ಎರಡನ್ನೂ ಪಕ್ಕಕ್ಕಿಟ್ಟು ನೇರ ಕೇಳುವ ಟೆಸ್ಟ್ ಬೇಕು.

ಅದು ಗ್ಲೂಕೋಸ್ ಕುಡಿಸಿ ನೋಡುವ ಟೆಸ್ಟ್, ಒಜಿಟಿಟಿ ಅಂತಾರೆ. ಬಸುರಿದ್ದಾಗ ಮಾಡಿಸಿರಬಹುದು, ನೆನಪಿದೆಯಾ? ಆಗ ಶುಗರ್ ಜಾಸ್ತಿ ಬಂದಿತ್ತಾ ಅಂತ ಹಳೆಯ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಬಸುರಿನಲ್ಲಿ ಬಂದು ಹೆರಿಗೆ ಆದ ಮೇಲೆ ಹೋದ ಶುಗರ್ ಮುಂದೆ ತಿರುಗಿ ಬರುವ ಸಂಭವ ಬಹಳ ಜಾಸ್ತಿ, ಮನೆಯವರು ಅದನ್ನು ಮರೆತಿರುತ್ತಾರೆ, ಡಾಕ್ಟರು ಕೇಳಿರುವುದಿಲ್ಲ. ಈ ಟೆಸ್ಟಿಗೆ ಮುಂಚಿನ ಮೂರು ದಿನ ಎಂದಿನ ಹಾಗೆ ಅನ್ನ ಊಟ ಮಾಡಿ, ಟೆಸ್ಟ್ ಇದೆ ಅಂತ ಗಂಜಿ ಬಿಟ್ಟು ಉಪವಾಸ ಕೂತರೆ ಉತ್ತರ ತಪ್ಪುತ್ತದೆ. ರಾತ್ರಿ ಊಟ ಆಗಿ 8ರಿಂದ 12 ಗಂಟೆ ಬಿಟ್ಟು ಹೋಗಿ. ನೀರು ಕುಡಿಯಬಹುದು. ಚಾ ಬೇಡ, ಸಕ್ಕರೆ ಹಾಕದ್ದೂ ಬೇಡ. ಕವಳವೂ (ಎಲೆ ಅಡಿಕೆ) ಬೇಡ! ನಮ್ಮ ಕಡೆ ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ‘ಏನೂ ತಿಂದಿಲ್ಲ ಡಾಕ್ಟ್ರೇ’ ಅನ್ನುವವರ ಬಾಯಲ್ಲೇ ಕವಳ ಇರುತ್ತದೆ. ಒಂದು ಸಲ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕೊಡುತ್ತಾರೆ. ಐದು ನಿಮಿಷದೊಳಗೆ ಕುಡಿದು ಮುಗಿಸಿ, ವಾಕರಿಕೆ ಬಂದರೆ ಲಿಂಬೆ ಹಿಂಡಿಸಿಕೊಳ್ಳಿ. ಆಮೇಲೆ ಎರಡು ಗಂಟೆ ಅಲ್ಲೇ ಕೂತಿರಿ. ಪೇಟೆ ಸುತ್ತಲು ಹೋಗಬೇಡಿ, ನಡೆದರೆ ಸ್ನಾಯು ಸಕ್ಕರೆ ಎಳೆದುಕೊಂಡು ನಂಬರು ಬದಲಾಗುತ್ತದೆ. ಎರಡು ಗಂಟೆಯ ನಂಬರು 140ರೊಳಗೆ ಬಂದರೆ ಸರಿ, 140ರಿಂದ 199 ಹೊಸ್ತಿಲು, 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯದಕ್ಕೆ ಆ ಗಡಿ 126. ಹಾಗೆ ಬಂದರೂ, ಬಾಯಾರಿಕೆ, ಪದೇ ಪದೇ ಮೂತ್ರ ಇಂಥದ್ದೇನೂ ಇಲ್ಲದಿದ್ದರೆ, ಇನ್ನೊಮ್ಮೆ ಮಾಡಿ ಖಚಿತ ಮಾಡಿಕೊಂಡೇ ಹೆಸರಿಡಬೇಕು. ಜ್ವರ ಬಂದು ಎದ್ದ ವಾರದಲ್ಲಿ ಇದ್ಯಾವುದನ್ನೂ ಮಾಡಿಸಬೇಡಿ.

ಮನೆಯಲ್ಲಿ ಅಮ್ಮನ ಗ್ಲೂಕೋಮೀಟರ್ ಇದ್ದೇ ಇರುತ್ತದೆ, ಅದರಲ್ಲಿ ನೋಡಿಕೊಳ್ಳಬಹುದಲ್ಲ ಅಂತ ಕೇಳಬಹುದು. ಕಾಯಿಲೆ ಇರುವವರು ದಿನದಿನ ಗಮನ ಇಡಲಿಕ್ಕೆ ಅದು ಸರಿ, ಕಾಯಿಲೆ ಇದೆಯಾ ಅಂತ ತೀರ್ಮಾನಿಸಲಿಕ್ಕೆ ಅಲ್ಲ. ಒಬ್ಬ ಅಜ್ಜಿ ಮೇ ತಿಂಗಳಲ್ಲಿ ಮಗನ ಜೊತೆ ಗಾಬರಿಯಿಂದ ಬಂದಿದ್ದರು. ಮನೆಯಲ್ಲಿ ಮಷಿನ್ 248 ತೋರಿಸಿತ್ತು. ನಾನು ಕೈ ಹಿಡಿದರೆ ಬೆರಳು ಬೆರಳಿಗೆ ಅಂಟುತ್ತಿತ್ತು. ಬೆಳಿಗ್ಗೆ ಕೂತು ಹಲಸಿನ ಹಣ್ಣು ಬಿಡಿಸಿದ್ದರಂತೆ, ಎಣ್ಣೆ ಹಚ್ಚಿ ಮೇಣ ತೆಗೆದಿದ್ದರು, ಸೋಪು ಹಚ್ಚಿರಲಿಲ್ಲ. ಸೋಪು ಹಚ್ಚಿ ತೊಳೆಸಿ, ಒರೆಸಿ, ಇನ್ನೊಂದು ಬೆರಳಿನಿಂದ ನೋಡಿದೆ. 121. ಬೆರಳ ಮೇಲಿನ ಹಣ್ಣಿನ ರಸವೇ ಆ ಹನಿಯಲ್ಲಿ ಸೇರಿತ್ತು.

ಥೈರಾಯ್ಡ್ ಬಗ್ಗೆ ಕೇಳಿದ್ದೀರಿ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಅಂತ ಹೇಳುವ ಹಾರ್ಮೋನು, ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ. 5.6 ಅನ್ನುವುದು ಗಡಿಗಿಂತ ಸ್ವಲ್ಪ ಮೇಲೆ, ಬಹಳಷ್ಟು ಲ್ಯಾಬ್‌ಗಳಲ್ಲಿ ಮೇಲಿನ ಗಡಿ 4ರ ಆಸುಪಾಸು ಇರುತ್ತದೆ. ಇದು ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಎರಡು ಮೂರು ತಿಂಗಳು ಬಿಟ್ಟು ಟಿಎಸ್‌ಎಚ್, ಜೊತೆಗೆ ಫ್ರೀ ಟಿ4, ಟಿಪಿಒ ಆಂಟಿಬಾಡಿ ಮಾಡಿಸಿ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಅದು ಥೈರಾಯ್ಡ್ ಟೆಸ್ಟ್‌ಗಳ ಲೆಕ್ಕವನ್ನು ಕೆಡಿಸುತ್ತದೆ. ಮುಖ್ಯ ಮಾತು ಇಷ್ಟು: ಥೈರಾಯ್ಡ್ ನಿಜವಾಗಿ ಕಡಿಮೆ ಆದವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ., ಅದರಲ್ಲೂ ಬಹುಪಾಲು ನೀರು, ಉಪ್ಪು. 5.6 ನಿಮ್ಮ ಹೊಟ್ಟೆಗೆ ಕಾರಣ ಅಲ್ಲ. ಇನ್ನೊಂದು ಮಗು ಬೇಕು ಅಂತಿದ್ದರೆ ಮಾತ್ರ ಕಾಯಬೇಡಿ, ಆಗ ಈ ನಂಬರಿಗೆ ಬೇರೆ ಬೆಲೆ ಇದೆ, ಈ ವಾರವೇ ಡಾಕ್ಟರ ಹತ್ತಿರ ಹೋಗಿ.

ಒಂದು ಮಾತು ದಾರಿ ಬಿಟ್ಟು ಹೇಳುತ್ತೇನೆ, ಓದುವವರಲ್ಲಿ ಯಾರಾದರೂ ಬಸುರಿ ಇದ್ದರೆ ಅಂತ. ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಎರಡು ಮೂರನೇ ದಿನ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡಿಸಿ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರಕ್ಕೊಂದು ಕೂಸಿಗೆ ಹುಟ್ಟಿನಿಂದಲೇ ಅದು ಕಡಿಮೆ ಇರುತ್ತದೆ. ಮೊದಲ ವಾರಗಳಲ್ಲೇ ಮಾತ್ರೆ ಶುರು ಮಾಡಿದರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ, ತಡವಾದರೆ ಮಿದುಳಿನ ಬೆಳವಣಿಗೆಗೆ ಆದ ಪೆಟ್ಟು ವಾಪಸು ಬರುವುದಿಲ್ಲ.

ನಿಮ್ಮ ಸುಸ್ತಿಗೆ ಕಾರಣ ಹುಡುಕುವುದಾದರೆ ನಾನು ಮೊದಲು ಬೆರಳಿಡುವುದು 9.8ರ ಮೇಲೆ. ರಕ್ತ ಕಡಿಮೆ ಇದ್ದಾಗ ಮೆಟ್ಟಿಲು ಹತ್ತಿದರೂ ಏದುಸಿರು, ಏನೂ ಮಾಡುವ ಮನಸ್ಸಿಲ್ಲ. ಆಗ ಮನುಷ್ಯ ಕೂತೇ ಇರುತ್ತಾನೆ, ಕೂತವರ ಸ್ನಾಯು ಸಕ್ಕರೆ ಎಳೆಯುವುದಿಲ್ಲ, ಸಂಜೆ ಚಾ ಜೊತೆ ಎರಡು ಬಿಸ್ಕೀಟು ಜಾಸ್ತಿ ಬೇಕನ್ನಿಸುತ್ತದೆ. ದೇಶದ ಹೆಂಗಸರಲ್ಲಿ 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಷ್ಟು ಸಾಮಾನ್ಯ ಆದ್ದರಿಂದಲೇ ಯಾರೂ ಅದನ್ನು ಕಾಯಿಲೆ ಅಂತ ಎಣಿಸುವುದಿಲ್ಲ, ಹೆಂಗಸರು ತಾವೇ ಎಣಿಸುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟ್ ಮಾಡಿಸಿ, ಮುಟ್ಟಿನ ರಕ್ತ ಯಾಕೆ ಜಾಸ್ತಿ ಹೋಗುತ್ತಿದೆ ಅಂತ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ಲಿಂಬೆ ಪಾನಕದ ಜೊತೆ ನುಂಗಿ, ಸಕ್ಕರೆ ಹಾಕದೆ. ಚಾ ಜೊತೆ ನುಂಗಿದರೆ ಬಹುಪಾಲು ಮೈಗೆ ಹತ್ತುವುದಿಲ್ಲ. ಅಘನಾಶಿನಿ ಹೊಳೆಯ ಬಳಚು (ಚಿಪ್ಪುಮೀನು) ಸಿಗುವ ಊರಿನವರು ನೀವು, ಅದನ್ನು ವಾರಕ್ಕೆರಡು ಸಲ ತಿನ್ನಿ, ಕಬ್ಬಿಣ ಅದರಲ್ಲೂ ಇದೆ.

ಲಿವರ್‌ಗೆ ಒಂದು ಸ್ಕ್ಯಾನಿಂಗ್ ಸಾಕು. ನಿಮ್ಮ ರಿಪೋರ್ಟಿನಲ್ಲಿ ಎಸ್‌ಜಿಒಟಿ, ಪ್ಲೇಟ್‌ಲೆಟ್ ಎರಡೂ ಇದ್ದೇ ಇರುತ್ತವೆ, ಎಸ್‌ಜಿಪಿಟಿ, ವಯಸ್ಸು ಸೇರಿಸಿ ಫಿಬ್-4 ಅಂತ ಒಂದು ಲೆಕ್ಕ ಹಾಕುತ್ತಾರೆ. 1.3ರ ಒಳಗೆ ಬಂದರೆ ಲಿವರ್ ಕಲೆಗಟ್ಟಿ ಬಿಗಿದುಕೊಂಡಿರುವ ಸಂಭವ ಕಡಿಮೆ, ನಿಶ್ಚಿಂತೆಯಿಂದ ಊಟ, ನಡಿಗೆಯ ಕಡೆ ಗಮನ ಕೊಡಬಹುದು. ಫಾಸ್ಟಿಂಗ್ ಇನ್ಸುಲಿನ್, ಕಾರ್ಟಿಸೋಲ್, ಕೂದಲಿನ ಟೆಸ್ಟ್, ಯಾವ ಆಹಾರ ಆಗಿಬರುವುದಿಲ್ಲ ಅಂತ ನೋಡುವ ಟೆಸ್ಟ್ ಇವಕ್ಕೆಲ್ಲ ದುಡ್ಡು ಹಾಕಬೇಡಿ. ಬಂದ ನಂಬರಿನಿಂದ ನಾನು ಮಾಡುವ ಚಿಕಿತ್ಸೆ ಬದಲಾಗುವುದಿಲ್ಲ.

ಬಿಪಿ ಮತ್ತು ಶುಗರ್ ನೋಡುವುದಕ್ಕಂತೂ ದುಡ್ಡೇ ಬೇಡ. 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತವಾಗಿ ನೋಡುತ್ತಾರೆ. ನಿಮ್ಮೂರ ಆಶಾ ಅವರನ್ನು ಕೇಳಿ, ಅವರ ಹತ್ತಿರ ಅದಕ್ಕೊಂದು ಫಾರ್ಮ್ ಇದೆ, ಅದರಲ್ಲಿ ಸೊಂಟದ ಅಳತೆಯನ್ನೂ ಕೇಳುತ್ತಾರೆ. ಉಳಿದದ್ದಕ್ಕೆ ತಾಲೂಕು ಆಸ್ಪತ್ರೆ ಇದೆ. ಕಾರವಾರದವರಿಗೆ ಕ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಶಿರಸಿಯವರಿಗೆ ಪಂಡಿತ ಆಸ್ಪತ್ರೆ ಇದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ಟೆಸ್ಟ್ ಆದಮೇಲೆ ಮಾಡಬೇಕಾದ್ದು ಅದನ್ನೇ. ಈ ಹಂತದಲ್ಲಿರುವ ಭಾರತೀಯರ ಮೇಲೆಯೇ ಮೂರು ವರ್ಷ ಮಾಡಿದ ಪ್ರಯೋಗದಲ್ಲಿ (2006ರಲ್ಲಿ ಪ್ರಕಟವಾಯಿತು, ಚೆನ್ನೈಯವರದು) ಬರೀ ಊಟ, ನಡಿಗೆ ಬದಲಿಸಿದವರಲ್ಲಿ ಸಕ್ಕರೆ ಕಾಯಿಲೆಗೆ ಹೋಗುವ ಸಂಭವ ನೂರಕ್ಕೆ 28ರಷ್ಟು ಇಳಿಯಿತು. ಅಮೆರಿಕದಲ್ಲಿ ತೂಕವನ್ನೂ ನೂರಕ್ಕೆ 7ರಷ್ಟು ಇಳಿಸುವ ಗುರಿ ಇಟ್ಟುಕೊಂಡು ಮಾಡಿದಾಗ 58ರಷ್ಟು. ನಿಮಗೆ ಆ ಲೆಕ್ಕದಲ್ಲಿ ಬೇಕಾದ್ದು 4 ಕೆ.ಜಿ. ಚಿಲ್ಲರೆ. ಹತ್ತಿಪ್ಪತ್ತು ಕೆ.ಜಿ. ಅಲ್ಲ. ಕೊಬ್ಬು ಇಳಿಯುವಾಗ ಲಿವರ್‌ನೊಳಗಿನದು ಬೇಗ ಕರಗುತ್ತದೆ, ಜಗುಲಿಯ ಚೀಲ ಮೊದಲು ಖಾಲಿ ಆದ ಹಾಗೆ.

ಕುಚಲಕ್ಕಿ ಬಿಡಬೇಕಾಗಿಲ್ಲ, ಅಳತೆ ಇಳಿಸಬೇಕು. ಬಡಿಸುವ ಕ್ರಮ ತಿರುಗಿಸಿ. ಮೊದಲು ತಟ್ಟೆಯಲ್ಲಿ ಪಲ್ಯ, ಬಂಗಡೆಯೋ ತಾರ್ಲೆಯೋ, ಕಾಳಿನ ಪದಾರ್ಥ ಹಾಕಿಕೊಳ್ಳಿ, ಉಳಿದ ಜಾಗಕ್ಕೆ ಅನ್ನ. ನಾವು ಮಾಡುವುದು ಉಲ್ಟಾ, ಅನ್ನದ ಗುಡ್ಡೆ ಹಾಕಿ ಅದಕ್ಕೆ ಸಾಕಾಗುವಷ್ಟು ಸಾರು. ರಾತ್ರಿ ಬರೀ ಗಂಜಿ ಹಗುರ ಅನ್ನಿಸಬಹುದು, ಆದರೆ ಮೆತ್ತಗೆ ಬೆಂದ ಅನ್ನ ಬೇಗ ಸಕ್ಕರೆಯಾಗುತ್ತದೆ. ಗಂಜಿಯ ಜೊತೆ ಬೇಯಿಸಿದ ಹೆಸರುಕಾಳು ಇರಲಿ, ಉಪ್ಪಿನಕಾಯಿ ಒಂದೇ ಸಾಲದು. ಮುರುಗಲು (ಕೋಕಂ) ಪಾನಕ ಕುಡಿಯಿರಿ, ಸಕ್ಕರೆ ಪಾಕದ ಬಾಟಲಿಯದ್ದು ಬೇಡ, ಒಣ ಸಿಪ್ಪೆ ನೆನೆಸಿ ಉಪ್ಪು, ಜೀರಿಗೆ ಹಾಕಿದ್ದು. ಕವಳದ ಅಭ್ಯಾಸ ಇದ್ದರೆ ಬಿಡಿ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ನನ್ನ ನೆಂಟರಲ್ಲೇ ತೋಟದವರಿದ್ದಾರೆ. ಆದರೆ ಬಾಯಿಯ ಕ್ಯಾನ್ಸರ್ ಅಷ್ಟೇ ಅಲ್ಲ, ಅಡಿಕೆ ಜಗಿಯುವವರಲ್ಲಿ ಸೊಂಟದ ಸುತ್ತಳತೆ, ಶುಗರ್ ಎರಡೂ ಜಾಸ್ತಿ ಇರುವುದು ತೈವಾನ್‌ನ ಅಧ್ಯಯನಗಳಲ್ಲಿ ಕಂಡಿದೆ.

ಜಿಮ್ ಬಿಡಬೇಡಿ, ಕ್ಯಾಪ್ಸೂಲ್ ಮಾತ್ರ ಬಿಡಿ. ಭಾರ ಎತ್ತುವುದು ಒಳ್ಳೆಯದು, ಉಂಡ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರಬೇಕಾದ್ದು ಸ್ನಾಯುವಿಗೇ. ರಾತ್ರಿ ಊಟ ಆದ ತಕ್ಷಣ ಹದಿನೈದು ನಿಮಿಷ ನಡೆಯಿರಿ, ಮಳೆ ಇದ್ದರೆ ಜಗುಲಿಯಲ್ಲೇ.

ಮೂರು ತಿಂಗಳಿಗೆ ತೂಕ, ಟೇಪು, ಬಿಪಿ, ಶುಗರ್, ಹಿಮೋಗ್ಲೋಬಿನ್, ಟ್ರೈಗ್ಲಿಸರೈಡ್ ಮತ್ತೆ ನೋಡೋಣ. ಎರಡು ಗಂಟೆಯ ನಂಬರು ಬಂದ ಕೂಡಲೇ ಬರೆಯಿರಿ. ಮಾತ್ರೆ ಬೇಕಾ ಬೇಡವಾ ಅನ್ನುವುದನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡುವ ಡಾಕ್ಟರು ಅದರ ಮೇಲೆ ಹೇಳುತ್ತಾರೆ.

ಇನ್ನು ನಿಮ್ಮ ಯಜಮಾನರು. ಎಷ್ಟು ಉಂಡರೂ ಏನೂ ಆಗುವುದಿಲ್ಲ ಅಂದಿರಲ್ಲ, ಅವರ ರಕ್ತ ನೋಡಿದ್ದು ಯಾವಾಗ? ನಿಮ್ಮ ಪತ್ರದಲ್ಲಿ ಅದರ ಸುದ್ದಿ ಇಲ್ಲ. ಅವರ ಸೊಂಟಕ್ಕೂ ಟೇಪು ಸುತ್ತಿ, 90 ದಾಟಿದೆಯಾ ನೋಡಿ. ನೀವು ಲ್ಯಾಬಿಗೆ ಹೋಗುವ ದಿನ ಅವರನ್ನೂ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ. ನೀವು ಎರಡು ಗಂಟೆ ಕಾಯಲೇಬೇಕು, ಅಷ್ಟರಲ್ಲಿ ಅವರದೂ ಮುಗಿಯುತ್ತದೆ.